ಹದಿನೇಳನೇ ನಂಬರಿನ ಕೈ

ಡಾಕ್ಟರ್ ದಾನೇಶ್ವರಿಗೆ ಮೂರು ವರ್ಷಗಳಿಂದ ಮುರಿದ ತೋಳುಗಳ ಹೊರತು ಬೇರೆ ಲೋಕವಿರಲಿಲ್ಲ. ಬಾಗಲಕೋಟೆ ನವನಗರದ ಗಿರಿಜಾ ಮೆಡಿಕಲ್ ಕಾಲೇಜಿನಲ್ಲಿ ಎಲುಬಿನ ವಿಭಾಗದಲ್ಲಿ ಎಂ.ಎಸ್. ಓದುತ್ತಿದ್ದ ಅವಳು ಪರೀಕ್ಷೆಗೆ ಮುಂಚೆ ಒಂದು ಪ್ರಬಂಧ ಬರೆದು ಒಪ್ಪಿಸಬೇಕಿತ್ತು. ಅವಳ ಪಾಲಿಗೆ ಬಂದದ್ದು ಭುಜಕ್ಕೂ ಮೊಣಕೈಗೂ ನಡುವಿನ ಎಲುಬು. ಅದು ಮುರಿದರೆ ಪ್ಲೇಟು ಹಾಕುವುದು ಮೇಲೋ, ನೇಲು ಹಾಕುವುದು ಮೇಲೋ ಎಂಬುದು ಪ್ರಶ್ನೆ. ಈ ಪ್ರಶ್ನೆಯನ್ನು ಅವಳಿಗಿಂತ ಮುಂಚೆ ನೂರಾರು ಜನ ಕೇಳಿ, ನೂರಾರು ಪುಟ ಬರೆದು, ಕೊನೆಗೆ 'ಎರಡೂ ಒಳ್ಳೆಯವೇ, ಇನ್ನಷ್ಟು ಅಧ್ಯಯನ ಬೇಕು' ಎಂದು ಕೈತೊಳೆದುಕೊಂಡಿದ್ದರು. ಅವಳೂ ಅದನ್ನೇ ಬರೆಯುವವಳಿದ್ದಳು.

ಪ್ಲೇಟು ಎಂದರೆ ಮುರಿದ ನೊಗಕ್ಕೆ ಹೊರಗಿನಿಂದ ಪಟ್ಟಿ ಇಟ್ಟು ಸ್ಕ್ರೂ ಬಿಗಿದ ಹಾಗೆ. ತೋಳನ್ನು ಉದ್ದಕ್ಕೆ ಸೀಳಬೇಕು. ಅಲ್ಲೇ ಎಲುಬನ್ನು ಸುತ್ತಿಕೊಂಡು ಹೋಗುವ ಒಂದು ನರವನ್ನು ಹುಷಾರಾಗಿ ಪಕ್ಕಕ್ಕೆ ಹಿಡಿದಿಡಬೇಕು. ಆ ನರ ಮುನಿಸಿಕೊಂಡಿತೆಂದರೆ ಮಣಿಕಟ್ಟು ಜೋತುಬೀಳುತ್ತದೆ, ಮಡಿಚಿದ ಬೆರಳು ಬಿಚ್ಚಲು ಬರುವುದಿಲ್ಲ, ಹೆಬ್ಬೆರಳ ಹಿಂಬದಿ ಮರಗಟ್ಟುತ್ತದೆ. ನೇಲು ಎಂದರೆ ಭುಜದ ತುದಿಯಲ್ಲಿ ಸಣ್ಣ ತೂತು ಕೊರೆದು ಎಲುಬಿನ ಪೊಳ್ಳಿನೊಳಗೆ ಸಲಾಕೆ ಇಳಿಸುವುದು. ಅದರಲ್ಲಿ ನರದ ಗೊಡವೆ ಕಡಿಮೆ, ಆದರೆ ಕೆಲವರಿಗೆ ಭುಜ ಬಿಗಿದುಕೊಂಡು ಕೈ ಪೂರ್ತಿ ಮೇಲೇಳುವುದಿಲ್ಲ. ರೋಗಿಗಳಿಗೆ ಈ ಭೇದವೆಲ್ಲ ಇಲ್ಲ. ಅವರ ಬಾಯಲ್ಲಿ ಎರಡೂ ಒಂದೇ: 'ರಾಡ್ ಹಾಕ್ಯಾರ.'

ಮೂವತ್ತು ರೋಗಿಗಳು. ದವಾಖಾನೆಗೆ ಬಂದ ಸರತಿಯಲ್ಲಿ ಒಬ್ಬೊಬ್ಬರಿಗೆ ಒಂದು ನಂಬರು. ಬೆಸ ಬಂದರೆ ಪ್ಲೇಟು, ಸಮ ಬಂದರೆ ನೇಲು. ಡಾಕ್ಟರ ಮನಸ್ಸು ನಡುವೆ ಕೈ ಹಾಕಬಾರದೆಂದೇ ಈ ನಿಯಮ. ರೋಗಿಗಳಿಗೂ ಮೊದಲೇ ಹೇಳಿ, 'ಎರಡರಾಗ ಯಾವುದಾದ್ರೂ ಆಗಬಹುದು' ಎಂದು ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆಯುತ್ತಿದ್ದರು. ಸೋಮವಾರ ಪ್ರಬಂಧ ಒಪ್ಪಿಸಬೇಕು. ಇಪ್ಪತ್ತೆಂಟು ಜನರ ಕೊನೆಯ ತಪಾಸಣೆ ಮುಗಿದಿತ್ತು. ಉಳಿದವರು ಇಬ್ಬರು, ಹದಿನೇಳು ಮತ್ತು ಹದಿನೆಂಟು.

"ಫೋನ್ ಹತ್ತಲಿಲ್ಲಂದ್ರ 'ತಪಾಸಣೆಗೆ ಬರಲಿಲ್ಲ' ಅಂತ ಬರದು ಮುಗಿಸು. ಇಬ್ಬರು ಹ್ವಾದ್ರ ಯಾರೂ ಕೇಳಂಗಿಲ್ಲ," ಎಂದಿದ್ದರು ಅವಳ ಗೈಡ್ ಹನಮಂತಪ್ಪ ಸರ್.

ಮುಗಿಸಬಹುದಿತ್ತು. ಉಳಿದವರು ಬೇರೆ ಯಾವ ಇಬ್ಬರಾಗಿದ್ದರೂ ಮುಗಿಸುತ್ತಿದ್ದಳು. ಆದರೆ ಹದಿನೇಳು ನಿಜವಾಗಿ ಹದಿನೇಳಾಗಿರಲಿಲ್ಲ, ಹದಿನೆಂಟು ಹದಿನೆಂಟಾಗಿರಲಿಲ್ಲ. ಅದು ಇಡೀ ಕಾಲೇಜಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಜನವರಿಯಲ್ಲಿ ಒಂದು ದಿನ ಬೆಳಿಗ್ಗೆ ಹುನಗುಂದದ ಸಂಗಯ್ಯ ಎಂಬವರನ್ನು ಕರೆತಂದಿದ್ದರು. ಕೋರ್ಟಿನ ಎದುರು ಬಾಂಡ್ ಬರೆಯುವ, ಜಂಗಮ ಮನೆತನದ ಅಯ್ಯನವರು, ಅರವತ್ತರ ಹತ್ತಿರ. ಬೈಕಿನ ಹಿಂದೆ ಕೂತಿದ್ದಾಗ ರೋಡ್ ಹಂಪಿನಲ್ಲಿ ಹಾರಿ ಬಿದ್ದು ಎಡತೋಳು ಮುರಿದಿತ್ತು. ಎಕ್ಸ್‌ರೇಗೆ ಕೊರಳಿನ ಬೆಳ್ಳಿ ಕರಡಿಗೆ ತೆಗೆಯಿರಿ ಎಂದರೆ ತೆಗೆಯಲೊಲ್ಲರು. ಒಳಗಿದ್ದ ಇಷ್ಟಲಿಂಗದ ಸಮೇತ ಅದನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದು, ಕಣ್ಣಲ್ಲಿ ನೀರು ತಂದುಕೊಂಡು, "ಯವ್ವಾ, ಎಡಗೈ ಅಂದ್ರ ಲಿಂಗದ ಕೈ. ಅದೊಂದು ಉಳಿಸಿಕೊಡ್ರಿ," ಎಂದರು.

ಆ ಮಾತು ದಾನೇಶ್ವರಿಗೆ ನೇರವಾಗಿ ತಾಗಿತು. ಅವಳ ಊರು ಬಾದಾಮಿ. ಅವಳ ಅಜ್ಜ, ಮುತ್ಯಾ, ದಿನವೂ ಸ್ನಾನ ಮಾಡಿ, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಕಣ್ಣೆದುರು ಹಿಡಿದು ರೆಪ್ಪೆ ಬಡಿಯದೆ ಕೂರುತ್ತಿದ್ದ. ಅದಾಗದೆ ಬಾಯಿಗೆ ಒಂದು ಹನಿ ಚಹಾ ಇಲ್ಲ. ಲಕ್ವ ಹೊಡೆದು ಎಡಗೈ ಸೋತ ಮೇಲೆ ಅವನ ಅಂಗೈಯ ಕೆಳಗೆ ಅಂಗೈ ಕೊಟ್ಟು ಹಿಡಿಯುವ ಕೆಲಸ ಹತ್ತು ವರ್ಷದ ದಾನೇಶ್ವರಿಯದಾಯಿತು. ಅರ್ಧ ತಾಸು ಹಿಡಿದರೆ ಅವಳ ಕೈ ಜೋಮು ಹಿಡಿದು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಒಂದು ದಿನ ಸಾಲಿಗೆ ಹೊತ್ತಾಯಿತೆಂದು ಹಿಡಿಯದೆ ಓಡಿಹೋದಳು. ಸಂಜೆ ಬಂದಾಗ ಮುತ್ಯಾ ಇನ್ನೂ ಉಂಡಿರಲಿಲ್ಲ. ಯಾರೂ ಅವಳನ್ನು ಬೈಯಲಿಲ್ಲ, ಅದೇ ಅವಳಿಗೆ ಇಂದಿಗೂ ಮರೆಯಲಾಗದ ಸಂಗತಿ.

ಸಂಗಯ್ಯ ಬಂದದ್ದು ಹದಿನೇಳನೆಯವರಾಗಿ. ಹದಿನೇಳು ಎಂದರೆ ಪ್ಲೇಟು, ಪ್ಲೇಟು ಎಂದರೆ ನರದ ಭಯ. ದಾನೇಶ್ವರಿ ರಿಜಿಸ್ಟರ್ ತೆರೆಯದೆ ಸಂಜೆಯತನಕ ದೂಡಿದಳು. ಸಂಜೆ ಇಳಕಲ್ಲಿನಿಂದ ಲಗಮವ್ವ ಎಂಬ ಐವತ್ತು ವರ್ಷದ ಹೆಂಗಸು ಬಂದಳು. ಟಂಟಂ ಆಟೊ ಉರುಳಿ ಬಲತೋಳು ಮುರಿದಿತ್ತು. ಅವಳೇನೂ ಕೇಳಲಿಲ್ಲ, ಅಳಲಿಲ್ಲ. ಹೆಬ್ಬೆಟ್ಟು ಒತ್ತು ಎಂದಲ್ಲಿ ಎಡಗೈಯ ಹೆಬ್ಬೆಟ್ಟು ಒತ್ತಿದಳು. ದಾನೇಶ್ವರಿ ರಿಜಿಸ್ಟರ್ ತೆರೆದು ಹದಿನೇಳರ ಮುಂದೆ ಲಗಮವ್ವನ ಹೆಸರು ಬರೆದಳು, ಹದಿನೆಂಟರ ಮುಂದೆ ಸಂಗಯ್ಯನವರದು. ತಾರೀಖು ಎರಡಕ್ಕೂ ಒಂದೇ. ಅಷ್ಟೇ ಮಾಡಿದ್ದು, ಎರಡು ಸಾಲು ಅದಲುಬದಲು.

ಲಗಮವ್ವನ ಆಪರೇಷನ್ ಮಾಡಿದವರು ಹನಮಂತಪ್ಪ ಸರ್. ನರವನ್ನು ಪಕ್ಕಕ್ಕೆ ಹಿಡಿದು ನಿಂತವಳು ದಾನೇಶ್ವರಿ. ಯಾರೂ ಅದನ್ನು ಕತ್ತರಿಸಲಿಲ್ಲ, ಯಾರೂ ಅವಸರ ಮಾಡಲಿಲ್ಲ. ಬೆಳ್ಳಗೆ, ಇಡಿಯಾಗಿ, ಅದು ಕಣ್ಣೆದುರೇ ಇತ್ತು. ಮರುದಿನ ಬೆಳಿಗ್ಗೆ "ಕೈ ಮ್ಯಾಲೆತ್ರಿ" ಎಂದರೆ ಮಣಿಕಟ್ಟು ಏಳಲಿಲ್ಲ. ನೂರರಲ್ಲಿ ಕೆಲವರಿಗೆ ಹೀಗಾಗುತ್ತದೆ, ಮೂರು ನಾಲ್ಕು ತಿಂಗಳಲ್ಲಿ ಮರಳುತ್ತದೆ ಎಂದರು ಸರ್. ಮೂರು ತಿಂಗಳಿಗೆ ಬಂದಾಗಲೂ ಮರಳಿರಲಿಲ್ಲ. ಆಮೇಲೆ ಲಗಮವ್ವ ಬರುವುದನ್ನೇ ಬಿಟ್ಟಳು, ಫೋನೂ ಬಂದ್ ಆಯಿತು.

ಮಣಿಕಟ್ಟು ಏಳದ ಆ ಬೆಳಗಿನಿಂದ ದಾನೇಶ್ವರಿಗೆ ಏನಾದರೂ ಅನ್ನಿಸುವುದೇ ನಿಂತುಹೋಗಿತ್ತು. ಮೊದಮೊದಲು ನಿದ್ದೆ ಬರಲಿಲ್ಲ, ಆಮೇಲೆ ಬಂತು. ಊಟದ ರುಚಿ ಹೋಯಿತು, ಹೋದದ್ದು ಗೊತ್ತಾಗದಷ್ಟು ಅಭ್ಯಾಸವಾಯಿತು. ನಿಜ ಹೇಳಿದರೆ ಪ್ರಬಂಧ ಬಿದ್ದುಹೋಗಿ ಆರು ತಿಂಗಳು, ಬಹುಶಃ ವರ್ಷವೇ ಕಳೆದುಕೊಂಡಂತೆ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಹೆದರಿಕೆಯೂ ಆಗುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಇಬ್ಬರ ಅರೆತುಂಬಿದ ಫಾರಂ ಬ್ಯಾಗಿನಲ್ಲಿಟ್ಟುಕೊಂಡು ಬಸ್ಸು ಹತ್ತಿದಾಗ ನಿಜ ಹೇಳಲು ಹೋಗುತ್ತಿದ್ದೇನೆಯೋ, ಬರೀ ಬರೆದುಕೊಳ್ಳಲು ಹೋಗುತ್ತಿದ್ದೇನೆಯೋ ಎಂಬುದನ್ನು ಅವಳು ತೀರ್ಮಾನಿಸಿರಲಿಲ್ಲ.

"ಆಧಾರ್ ತೋರಸ್ರೀ," ಎಂದು ಕಂಡಕ್ಟರ್ ಹೆಂಗಸರ ಸೊನ್ನೆ ದರದ ಟಿಕೆಟ್ ಹರಿದುಕೊಟ್ಟ. ಅಮೀನಗಡದಲ್ಲಿ ಕರದಂಟಿನ ಪೊಟ್ಟಣ ಹಿಡಿದವರು ಹತ್ತಿದರು, ಇಳಿದರು. ಅವಳು ಫಾರಂ ತೆಗೆದು ನೋಡುತ್ತ ಕೂತಳು. ಇಂಗ್ಲಿಷಿನಿಂದ ಬಂದ ಮೂವತ್ತು ಪ್ರಶ್ನೆಗಳು. ಬಿಗಿಯಾದ ಡಬ್ಬಿಯ ಮುಚ್ಚಳ ತೆಗೆಯಬಲ್ಲಿರಾ? ಬೀಗದಲ್ಲಿ ಕೀಲಿ ತಿರುಗಿಸಬಲ್ಲಿರಾ? ಅಡುಗೆ ತಯಾರಿಸಬಲ್ಲಿರಾ? ಟೆನಿಸ್, ಗಾಲ್ಫ್ ಮೊದಲಾದವನ್ನು ಆಡಬಲ್ಲಿರಾ? ಬಾಗಲಕೋಟೆ ಜಿಲ್ಲೆಯಲ್ಲಿ ಗಾಲ್ಫಿನ ಬಗ್ಗೆ ಇಪ್ಪತ್ತೆಂಟು ಜನರನ್ನು ವಿಚಾರಿಸಿದವಳು ತಾನೊಬ್ಬಳೇ ಇರಬೇಕು ಎಂದುಕೊಂಡಳು. ನಗು ಬರಬೇಕಿತ್ತು, ಬರಲಿಲ್ಲ.

ಹುನಗುಂದದಲ್ಲಿ ಸಂಗಯ್ಯನವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವರು ಕಟ್ಟೆಯ ಮೇಲೆ ಪೇಪರ್ ಓದುತ್ತ ಕೂತಿದ್ದರು. ಅವಳನ್ನು ಕಂಡು ಎದ್ದು, ಎರಡೂ ಕೈ ಜೋಡಿಸಿ, "ಬರ್ರಿ ಬರ್ರಿ ಡಾಕ್ಟರ್ರ, ನಮ್ಮ ಮನೀತನಕ ಬಂದ್ರೆಲ್ಲ," ಎಂದು ಸಂಭ್ರಮಪಟ್ಟರು. ಒಳಗೆ ಹೋಗಿ ಚಹಾದ ಕಪ್ಪನ್ನು ಬೇಕೆಂದೇ ಎಡಗೈಯಲ್ಲಿ ಹಿಡಿದು ತಂದರು.

"ನೋಡ್ರಿ, ಒಂದು ಹನಿ ಚೆಲ್ಲಂಗಿಲ್ಲ. ಮ್ಯಾಲೆ ಎತ್ತಾಕ ಒಂದೀಟು ಹಿಡದಂಗ ಆಗತೈತಿ, ಅಷ್ಟ. ಸ್ಕೂಟರ್ ಹೊಡೀತೇನಿ, ಬಾಂಡ್ ಬರೀತೇನಿ. ನಿಮ್ಮ ಕೈಗುಣ ಭಾಳ ಚೊಲೋರಿ."

ದಾನೇಶ್ವರಿ ಭುಜ, ಮೊಣಕೈ, ಮಣಿಕಟ್ಟು ತಿರುಗಿಸಿ ನೋಡಿದಳು. ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ ಗುರುತು ಹಾಕಿಕೊಂಡಳು. ಗಾಲ್ಫ್ ಬಿಟ್ಟಳು. ಉಳಿದದ್ದೆಲ್ಲ ಮುಗಿದ ಮೇಲೆ ಫಾರಮಿನಲ್ಲಿಲ್ಲದ ಒಂದು ಪ್ರಶ್ನೆ ಕೇಳಿದಳು.

"ಅಯ್ಯಾರ, ಲಿಂಗಪೂಜಿ ಮಾಡೂಮುಂದ ಕೈ ನಡಗತೈತೇನ್ರಿ?"

ಸಂಗಯ್ಯನವರು ಅವಳ ಮುಖ ನೋಡಿದರು. ಕೊರಳಿಗೆ ಕೈ ಹೋಯಿತು. ಅಲ್ಲಿ ಕರಡಿಗೆ ಇರಲಿಲ್ಲ.

"ಅದು ಒಳಗ ಟ್ರೆಜರಿ ಕಪಾಟಿನ್ಯಾಗ ಐತ್ರಿ. ಬೆಳ್ಳೀದು ನೋಡ್ರಿ. ಆಪರೇಷನ್‌ಕ ಅಂತ ತಗದಿಟ್ಟದ್ದು, ಮತ್ತ ಹಾಕ್ಕೊಳ್ಳೋದು ಆಗಲಿಲ್ಲ." ಸಣ್ಣಗೆ ನಕ್ಕರು. "ಖರೆ ಹೇಳ್ಬೇಕಂದ್ರ ಪೂಜಿ ನಮ್ಮಾಕಿ ಖಾತೆರಿ. ನಾ ಶ್ರಾವಣದಾಗ ಒಂದೆರಡು ಸೋಮವಾರ, ಅದೂ ಎರಡು ಮಿನಿಟ್."

"ಆವತ್ತು ದವಾಖಾನ್ಯಾಗ ಹೇಳಿದ್ರೆಲ್ಲ. ಎಡಗೈ ಲಿಂಗದ ಕೈ ಅಂತ."

"ಹೇಳಿದ್ನೇನ್ರಿ? ನೋವಿನಾಗ ಏನೇನ್ ಬಾಯಿಗೆ ಬಂತೋ ಏನೋ."

ಸಂಕಟ ಬಂದಾಗ ವೆಂಕಟರಮಣ ಎನ್ನುತ್ತಾರೆ. ಅಯ್ಯನವರ ಮನೆತನದವರಾದ್ದರಿಂದ ಇವರು ಲಿಂಗ ಎಂದಿದ್ದರು, ಅಷ್ಟೇ ವ್ಯತ್ಯಾಸ. ಅವರದೇನೂ ತಪ್ಪಿರಲಿಲ್ಲ. ನೋವಿನಲ್ಲಿ ಮನುಷ್ಯ ತನ್ನಲ್ಲಿರುವ ದೊಡ್ಡ ಮಾತನ್ನೇ ಆಡುತ್ತಾನೆ. ಅದನ್ನು ಕೇಳಿಸಿಕೊಂಡು ಬಾದಾಮಿಯ ಪಡಸಾಲೆಯಲ್ಲಿ ಕೂತಿದ್ದ ಇನ್ನೊಬ್ಬ ಮುದುಕನ ಕೈ ಹಿಡಿಯಲು ಹೋದವಳು ಅವಳು. ದಾನೇಶ್ವರಿ ಚಹಾ ಕುಡಿದು ಮುಗಿಸಿದಳು. ಸಕ್ಕರೆ ಹಾಕಿದ್ದರೋ ಇಲ್ಲವೋ ನೆನಪಾಗಲಿಲ್ಲ. ನಂಬರ್ ಹದಿನೆಂಟು ಎಂದಿದ್ದ ಸಂಗಯ್ಯನವರ ಫಾರಮಿನ ಮೇಲೆ ಫಲಿತಾಂಶ ಉತ್ತಮ ಎಂದು ಬರೆದು ಬ್ಯಾಗಿಗೆ ಹಾಕಿ ಇಳಕಲ್ ಬಸ್ಸಿಗೆ ನಿಂತಳು.

ಇಳಕಲ್ಲಿನಲ್ಲಿ ಲಗಮವ್ವನ ಓಣಿಯ ತುಂಬ ಮಗ್ಗದ ಸದ್ದು. ಭಾನುವಾರವಾದರೂ ಯಾವ ಮನೆಯೂ ಸುಮ್ಮನಿರಲಿಲ್ಲ. ವಿಳಾಸದ ಚೀಟಿ ತೋರಿಸಿದರೆ ಒಬ್ಬ ಮುದುಕ, "ರೊಟ್ಟಿ ಲಗಮವ್ವನ ಮನೀನ ಹೌದಿಲ್ಲೋ? ಹಿಂಗ ಹೋಗ್ರಿ, ಹೊಗಿ ಕಾಣತೈತಿ," ಎಂದ. ರೊಟ್ಟಿ ಲಗಮವ್ವ ಎಂಬ ಹೆಸರನ್ನು ದಾನೇಶ್ವರಿ ಮೊದಲ ಸಲ ಕೇಳಿದಳು.

ಮನೆಯ ಹಿತ್ತಲಲ್ಲಿ ತಗಡಿನ ಮಾಡು. ಅದರ ಕೆಳಗೆ ಎರಡು ಒಲೆ. ಒಂದು ಒಲೆಯ ಪಕ್ಕದಲ್ಲಿ ಸೊಸೆ ರೋಹಿಣಿ ಮರದ ಹರಿವಾಣದಂಥ ಕೊಣಮಿಗೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಇನ್ನೊಂದರ ಮುಂದೆ ಲಗಮವ್ವ. ಹಂಚಿನ ಮೇಲಿನ ರೊಟ್ಟಿಯನ್ನು ಎಡಗೈಯಲ್ಲಿ ತಿರುವಿ ಹಾಕುತ್ತಿದ್ದಳು. ಬಲಗೈ ತೊಡೆಯ ಮೇಲೆ, ಯಾರೋ ಅಲ್ಲಿಟ್ಟು ಮರೆತು ಹೋದ ಸಾಮಾನಿನ ಹಾಗೆ ಬಿದ್ದಿತ್ತು. ಮಣಿಕಟ್ಟಿಗೆ ಒಂದು ಮರದ ಪಟ್ಟಿ ಇಟ್ಟು ಸೀರೆಯ ಅಂಚಿನಿಂದ ಕಟ್ಟಿಕೊಂಡಿದ್ದಳು.

"ಯಾರು? ಓ, ಬಾಗಲಕೋಟಿ ಅಕ್ಕಾರು," ಎಂದಳು ಗುರುತು ಹಿಡಿದು. "ಕುಂದರ್ರಿ. ರೋಹಿಣಿ, ಮಣಿ ಕೊಡು."

"ಯಾಕ ಬರಲಿಲ್ಲ ಲಗಮವ್ವ? ಎಷ್ಟು ಸರ್ತಿ ಫೋನ್ ಮಾಡಿದ್ವಿ."

"ನಾ ಬಂದಾಗೆಲ್ಲ ಕೈ ಬರತೈತಿ, ಬರತೈತಿ ಅಂತಿದ್ರಿ. ಬಂದಮ್ಯಾಲೆ ಹೋದ್ರಾತು ಅಂತ ಸುಮ್ನಾದೆ. ಫೋನು ನೀರಾಗ ಬಿತ್ತು."

"ಮಣಿಕಟ್ಟಿಗಿ ನಾವು ಕೊಟ್ಟ ಪಟ್ಟಿ ಎಲ್ಲಿ? ಇದ್ಯಾಕ ಕಟ್ಟಿಗಿ?"

"ನಿಮ್ದು ಪ್ಲಾಸ್ಟಿಕ್ ಇತ್ತಲ್ರಿ. ಒಲಿ ಮುಂದ ಕುಂತ್ರ ಮೆತ್ತಗಾಗಿ ಜೋತು ಬಿತ್ತು, ಕೈಯಿಗಿಂತ ಮೊದಲ."

ದವಾಖಾನೆಯಲ್ಲಿ ಆ ಪಟ್ಟಿ ಕೊಡುವಾಗ ಬಿಸಿಯಿಂದ ದೂರವಿಡಿ ಎಂದು ಇಂಗ್ಲಿಷಿನಲ್ಲಿ ಬರೆದ ಕಾಗದವೂ ಜೊತೆಗಿತ್ತು. ದಾನೇಶ್ವರಿ ಮಣೆಯ ಮೇಲೆ ಕೂತು ಫಾರಂ ತೆಗೆದಳು. ಲಗಮವ್ವ ಹಂಚಿನ ಕಡೆ ಬಗ್ಗಿ ಎಡಗೈಯಿಂದ ರೊಟ್ಟಿ ಎತ್ತುವಾಗ ಬಲಗೈ ತೊಡೆಯಿಂದ ಜಾರಿ ಹಂಚಿನ ಅಂಚಿಗೆ ಆತುಕೊಂಡಿತು. ಹೆಬ್ಬೆರಳ ಹಿಂಬದಿ ಕಾದ ಕಬ್ಬಿಣದ ಮೇಲೆ. ಲಗಮವ್ವ ರೊಟ್ಟಿಯನ್ನು ಬುಟ್ಟಿಗೆ ಹಾಕಿ, ಅಂಚು ಸರಿಮಾಡಿ, ಇನ್ನೊಂದನ್ನು ಎತ್ತಿಕೊಂಡಳು. ಮುಖದಲ್ಲಿ ಏನೂ ಇರಲಿಲ್ಲ.

ದಾನೇಶ್ವರಿ ಎದ್ದು ಆ ಕೈಯನ್ನು ಹಿಡಿದೆಳೆದಳು.

"ಮತ್ತ ಸುಟ್ಟಿತೇನ್?" ಎಂದಳು ಲಗಮವ್ವ, ಬೇರೆಯವರ ಕೈಯ ಬಗ್ಗೆ ಕೇಳುವಂತೆ.

"ದಿನಾ ಹಿಂಗರಿ," ಎಂದಳು ರೋಹಿಣಿ, ಬಡಿಯುವುದನ್ನು ನಿಲ್ಲಿಸದೆ. "ವಾಸನಿ ಬಂದಮ್ಯಾಲೆ ನಾ ಹೇಳಬೇಕು."

ಹೆಬ್ಬೆರಳ ಹಿಂದೆ ಹಳೆಯ ಸುಟ್ಟ ಗುರುತುಗಳು ಒಂದರ ಮೇಲೊಂದು ಇದ್ದವು. ಕೆಲವು ಕಪ್ಪಾಗಿದ್ದವು, ಕೆಲವು ಬೆಳ್ಳಗೆ. ದಾನೇಶ್ವರಿ ತಣ್ಣೀರು ತರಿಸಿ ಕೈ ಅದ್ದಿಸಿದಳು. ಸೂಜಿ ತಾಗಿಸಿ ನೋಡಿದಳು. ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಲಗಮವ್ವನಿಗೆ ಏನೂ ಗೊತ್ತಾಗಲಿಲ್ಲ. ಬೆರಳು ಬಿಚ್ಚಿ ಎಂದರೆ ಅವಳ ಹಣೆಯಲ್ಲಿ ಗೆರೆ ಮೂಡಿತು, ಕುತ್ತಿಗೆಯ ನರ ಬಿಗಿಯಿತು, ಬೆರಳು ಮಾತ್ರ ಇದ್ದಲ್ಲೇ ಇದ್ದವು. ಒಂಬತ್ತು ತಿಂಗಳು ಕಳೆದಿದ್ದವು. ಈ ನರ ಇನ್ನು ತಾನಾಗಿ ಏಳುವುದು ಕಷ್ಟ ಎಂಬುದು ದಾನೇಶ್ವರಿಗೆ ತಿಳಿಯಿತು. ಅಡುಗೆ ತಯಾರಿಸಬಲ್ಲಿರಾ ಎಂಬ ಪ್ರಶ್ನೆಗೆ ಬಂದಳು.

"ಎಷ್ಟು ರೊಟ್ಟಿ ಬಡೀತಿದ್ರಿ?"

"ದಿನಾ ನೂರೈವತ್ತು. ಹಬ್ಬ, ಮದಿವಿ ಇದ್ರ ಇನ್ನೂರು. ಇಪ್ಪತ್ತೆರಡು ವರ್ಸಾತು. ಖಾನಾವಳಿಯವ್ರು ನನ್ನ ರೊಟ್ಟಿ ಬಿಟ್ಟು ಬ್ಯಾರೆ ಒಯ್ತಿದ್ದಿಲ್ಲ. ಈಗ ಅರ್ಧಾ ಗಿರಾಕಿ ಹೋದ್ರು. ಈಕಿ ಬಡೀತಾಳ, ಖರೆ ದಪ್ಪ ಆಗತಾವ."

ರೋಹಿಣಿ ತಲೆಯೆತ್ತಲಿಲ್ಲ. ದಾನೇಶ್ವರಿ ಫಾರಮಿನ ತಲೆಯ ಮೇಲೆ ನೋಡಿದಳು. ಹೆಸರು, ವಯಸ್ಸು, ಊರು. ಕಸುಬು ಎಂಬಲ್ಲಿ ಅವಳದೇ ಅಕ್ಷರದಲ್ಲಿ 'ಗೃಹಿಣಿ' ಎಂದಿತ್ತು. ಆವತ್ತು ಸಂಜೆ ಕೇಳದೇ ತುಂಬಿದ್ದಳು. ಕುಂಕುಮ, ಹಸಿರು ಬಳೆ, ಇಳಕಲ್ ಸೀರೆ ಕಂಡವು, ಬರೆದಳು.

"ಹೆಂಗ ಬಡೀತೀರಿ ಈಗ, ಒಂದೀಟು ತೋರಸ್ರಿ," ಎಂದಳು.

ಲಗಮವ್ವ ಸರಿದು ಇನ್ನೊಂದು ಕೊಣಮಿಗೆ ಎಳೆದುಕೊಂಡು ಕೂತಳು. ಹಿಟ್ಟಿನ ಉಂಡೆ ಇಟ್ಟು, ಒಣ ಹಿಟ್ಟು ಚಿಮುಕಿಸಿ, ಕಟ್ಟಿಗೆಯ ಪಟ್ಟಿ ಬಿಚ್ಚಿ, ಬಲಗೈಯನ್ನು ಭುಜದಿಂದಲೇ ಎತ್ತಿ ಬಿಟ್ಟಳು. ಬೆರಳಿನ ಗೆಣ್ಣುಗಳು ಹಿಟ್ಟಿನ ಮೇಲೆ ಬಿದ್ದವು. ಉಂಡೆಯಲ್ಲಿ ನಾಲ್ಕು ಕುಳಿ ಮೂಡಿತು, ಹರಡಲಿಲ್ಲ. ಮತ್ತೊಮ್ಮೆ ಎತ್ತಿ ಬಿಟ್ಟಳು, ಮತ್ತೆ ನಾಲ್ಕು ಕುಳಿ.

ದಾನೇಶ್ವರಿ ಯೋಚಿಸಲಿಲ್ಲ. ಪಕ್ಕದಲ್ಲಿ ಮಂಡಿಯೂರಿ, ತನ್ನ ಅಂಗೈಯನ್ನು ಆ ಮಣಿಕಟ್ಟಿನ ಕೆಳಗೆ ಕೊಟ್ಟು, ಇನ್ನೊಂದು ಕೈಯಿಂದ ಬೆರಳುಗಳನ್ನು ನೆಟ್ಟಗೆ ಹಿಡಿದಳು. ಲಗಮವ್ವ ತೋಳು ಆಡಿಸಿದಳು. ಅಂಗೈ ಹಿಟ್ಟಿನ ಮೇಲೆ ಚಪ್ಪಟೆಯಾಗಿ ಬಿತ್ತು. ಮತ್ತೆ ಬಿತ್ತು. ಎಡಗೈ ತಾನಾಗಿಯೇ ರೊಟ್ಟಿಯನ್ನು ತಿರುಗಿಸತೊಡಗಿತು. ಎಂಟು ಹತ್ತು ಪೆಟ್ಟಿಗೆ ರೊಟ್ಟಿ ಅಂಗೈಯಗಲ ಆಯಿತು, ಅಂಚು ಗುಂಡಗಾಯಿತು. ರೋಹಿಣಿ ಕೈ ನಿಲ್ಲಿಸಿ ನೋಡಿದಳು. ದಾನೇಶ್ವರಿಯ ಕೈ ಜೋಮು ಹಿಡಿಯಲು ಶುರುವಾಯಿತು.

"ಎಷ್ಟು ರೊಟ್ಟಿಗಿ ಹಿಡೀತೀರಿ ಅಕ್ಕಾರ?" ಎಂದು ಕೇಳಿದಳು ಲಗಮವ್ವ. ವ್ಯಂಗ್ಯವಿರಲಿಲ್ಲ. ಕೆಲಸಕ್ಕೆ ಬಂದವಳನ್ನು ಕೇಳುವ ಹಾಗೆ ಕೇಳಿದ್ದಳು.

ದಾನೇಶ್ವರಿ ಕೈ ತೆಗೆದಳು. ಒಂಬತ್ತು ತಿಂಗಳಲ್ಲಿ ಮೊದಲ ಸಲ ಅವಳಿಗೆ ನಾಚಿಕೆಯಾಯಿತು. ಹಿಟ್ಟು ಮೆತ್ತಿದ ಕೈಯನ್ನು ಒರೆಸಿಕೊಳ್ಳದೆ ಹೇಳಿದಳು.

"ಲಗಮವ್ವ, ನಿಮಗ ಪ್ಲೇಟ್ ಹಾಕಬೇಕಾಗಿದ್ದಿಲ್ಲ. ಭುಜದಾಗಿಂದ ಹಾಕೂದು ಇನ್ನೊಂದು ಇತ್ತು, ಅದು ನಿಮ್ಮ ಪಾಳಿದು. ನೀವು ಹದಿನೆಂಟನೇದವರು. ನಾ ಬೇಕಂತನ ಹದಿನೇಳು ಅಂತ ಬರದೆ."

"ಯಾಕ?"

"ನಿಮ್ಮಕಿಂತ ಮೊದಲ ಒಬ್ಬ ಅಯ್ಯಾರು ಬಂದಿದ್ರು. ಲಿಂಗ ಹಿಡಿಯೋ ಕೈ ಅಂದ್ರು. ಪ್ಲೇಟ್ ಹಾಕಿದ್ರ ಕೈ ಹೋದೀತು ಅಂತ ಹೆದರಿ ಅವರದು ನಿಮಗ, ನಿಮ್ಮದು ಅವರಿಗಿ ಮಾಡಿದೆ. ಅದನ್ನ ಹಾಕಿದ್ರ ಹಿಂಗ ಆಗ್ತಿದ್ದಿಲ್ಲ ಅಂತ ಆಣಿ ಮಾಡಿ ಹೇಳಾಕ ಬರಂಗಿಲ್ಲ. ಆದ್ರ ಆ ಪಾಳಿ ನಿಮ್ಮದಾಗಿತ್ತು. ನಾ ಕಸಗೊಂಡೆ."

ರೋಹಿಣಿಯ ಬಡಿತ ನಿಂತುಹೋಗಿತ್ತು.

"ನಿಲ್ಲಸಬ್ಯಾಡ, ಹಿಟ್ಟು ಆರತೈತಿ," ಎಂದಳು ಲಗಮವ್ವ ಸೊಸೆಗೆ. ಆಮೇಲೆ ದಾನೇಶ್ವರಿಯ ಕಡೆ ತಿರುಗಿ, "ಅವರ ಕೈ ಚೊಲೋ ಆತೇನ್ರಿ?" ಎಂದಳು.

"ಆತು."

"ಲಿಂಗಪೂಜಿ ಮಾಡ್ತಾರ?"

ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಈ ಹೆಂಗಸಿಗೆ ತನ್ನ ಕೈ ದೇವರ ಪಾಲಾಯಿತೆಂಬ ಸಮಾಧಾನವಾದರೂ ಇರುತ್ತಿತ್ತೇನೋ.

"ಇಲ್ರಿ. ಟ್ರೆಜರಿಯಾಗ ಇಟ್ಟಾರ."

ಲಗಮವ್ವ ಅರ್ಧ ಬಡಿದ ರೊಟ್ಟಿಯನ್ನು ಎಡಗೈಯಿಂದ ಮಡಚಿ ಮತ್ತೆ ಉಂಡೆ ಮಾಡಿದಳು. ಅದನ್ನೇ ಹಿಸುಕುತ್ತ ಕೂತಳು.

"ಕೈಲೆ ಏನ್ ಮಾಡ್ತೀರಿ ಅಂತ ಅವರನ್ನ ಕೇಳಿದ್ರಿ," ಎಂದಳು ಕೊನೆಗೆ.

"ಕೇಳಿದ್ದಿಲ್ಲ. ಅವರಾಗೇ ಹೇಳಿದ್ರು."

"ನಾನೂ ಹೇಳ್ತಿದ್ದೆ. ದವಾಖಾನ್ಯಾಗ 'ನಂದು ರೊಟ್ಟಿ ಬಡಿಯೋ ಕೈ' ಅಂದ್ರ ನಗ್ತಾರಂತ ಸುಮ್ನಿದ್ದೆ."

ಅಷ್ಟೇ ಹೇಳಿದ್ದು. ಬೈದಿದ್ದರೆ ದಾನೇಶ್ವರಿ ಅಲ್ಲಿಂದ ಎದ್ದು ಬರಬಹುದಿತ್ತು. ಮುತ್ಯಾನೂ ಆವತ್ತು ಬೈದಿರಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂದು ಸಾಲಿಯಲ್ಲಿ ನೂರು ಸಲ ಬರೆಸಿದ್ದರು. ಕೈಯೇ ಇಲ್ಲವಾದರೆ ಏನೆಂದು ಯಾರೂ ಬರೆಸಿರಲಿಲ್ಲ. ಅವಳು ಕಣ್ಣೊರೆಸಿಕೊಳ್ಳಲು ಹೋಗಿ ಕೆನ್ನೆಗೆ ಹಿಟ್ಟು ಬಳಿದುಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ಡಾಕ್ಟರು ಹೇಳಬೇಕಾದ್ದನ್ನು ಹೇಳಿದಳು. ನರದ ಪರೀಕ್ಷೆ ಇನ್ನೊಮ್ಮೆ ಮಾಡಬೇಕು. ನರ ಏಳಲಿಲ್ಲವೆಂದರೆ ಇನ್ನೊಂದು ಆಪರೇಷನ್ ಇದೆ: ಮುಂಗೈಯಲ್ಲಿ ಕೆಲಸ ಮಾಡುತ್ತಿರುವ ಸ್ನಾಯುಗಳಲ್ಲಿ ಒಂದೆರಡನ್ನು ಈ ಕಡೆ ತಂದು ಜೋಡಿಸುತ್ತಾರೆ. ಮಣಿಕಟ್ಟು ಏಳುತ್ತದೆ, ಬೆರಳು ಬಿಚ್ಚುತ್ತವೆ. ಮೊದಲಿನಷ್ಟು ಬಿರುಸು ಇರಲಿಕ್ಕಿಲ್ಲ.

"ಈ ಉರಿ ಗೊತ್ತಾಗೂದು?" ಎಂದಳು ಲಗಮವ್ವ, ಹೆಬ್ಬೆರಳು ತೋರಿಸಿ.

"ಅದು ಬರೂದು ಕಷ್ಟ. ಕೈ ಏಳತೈತಿ. ಮರಗಟ್ಟಿದ್ದು ಹಂಗ ಉಳೀತೈತಿ."

"ನಿಮ್ಮ ದವಾಖಾನ್ಯಾಗ ಮಾಡ್ತಾರ?"

"ಮಾಡ್ತಾರ. ನಾಳೆ ಸರ್‌ಗ ಎಲ್ಲಾ ಹೇಳ್ತೇನಿ, ನಂಬರ್ ಬದಲಿ ಮಾಡಿದ್ದೂ. ನನ್ನ ಪರೀಕ್ಷಿ ಈ ಸಲ ಆಗಲಿಕ್ಕಿಲ್ಲ. ನಾ ಅಲ್ಲೇ ಇರ್ತೇನಿ. ಬುಧವಾರ ಬರ್ರಿ."

ಲಗಮವ್ವ ಒಲೆಗೆ ಒಂದು ಕಟ್ಟಿಗೆ ದೂಡಿದಳು. ಹಂಚು ಮತ್ತೆ ಕಾಯತೊಡಗಿತು. ಈ ಸಲ ಬಲಗೈಯನ್ನು ಎಡಗೈಯಿಂದ ಎತ್ತಿ ಒಲೆಯಿಂದ ದೂರ, ತನ್ನ ಬೆನ್ನ ಹಿಂದೆ ಇಟ್ಟುಕೊಂಡಳು.

"ಬರ್ತೇನಿ," ಎಂದಳು. "ಈ ಸಲ ನನ್ನ ನಂಬರ ಎಷ್ಟ್ರಿ?"

ದಾನೇಶ್ವರಿ ಫಾರಮನ್ನು ತೊಡೆಯ ಮೇಲೆ ಇಟ್ಟುಕೊಂಡಳು. ತಲೆಯ ಮೇಲಿದ್ದ ಹದಿನೇಳನ್ನು ಹೊಡೆದುಹಾಕಿ ಹದಿನೆಂಟು ಎಂದು ಬರೆದು ಪಕ್ಕದಲ್ಲಿ ಸಹಿ ಮಾಡಿದಳು. ಕೆಳಗೆ ಗೃಹಿಣಿ ಎಂಬುದನ್ನೂ ಹೊಡೆದುಹಾಕಿದಳು. "ದಿನಾ ನೂರೈವತ್ತು ಅಂದ್ರೆಲ್ಲ?" ಎಂದು ಇನ್ನೊಮ್ಮೆ ಕೇಳಿದಳು. "ಹಬ್ಬದಾಗ ಇನ್ನೂರು," ಎಂದಳು ಲಗಮವ್ವ. ಅದನ್ನೂ ಸೇರಿಸಿ ಬರೆದಳು. ಕಸುಬು: ರೊಟ್ಟಿ ಬಡಿಯುವುದು, ಬಲಗೈ.